ವೇಷ, ಅಳತೆ ಮತ್ತು ಸತ್ಯ

 

ನಾನು ಕಲಾವಿಮರ್ಶಕನಲ್ಲ, ಸರ್ಕಾರಿ ಎಂಜಿನಿಯರಾಗಿ ನಿವೃತ್ತನಾದವನು. ಆದರೂ ಇಂದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಬಗ್ಗೆ ಎರಡು ಮಾತು ಹೇಳುತ್ತೇನೆ. 1956ರಲ್ಲಿ ಹುಟ್ಟಿದ ಇವರು ಬರೋಡಾದಲ್ಲಿ ಶಿಲ್ಪಕಲೆ ಕಲಿತರು. ಮುಂದೆ ಕಲ್ಲು, ಮಣ್ಣು ಬಿಟ್ಟು ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು.

2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ದಕ್ಷಿಣ ಭಾರತದ ಸ್ತ್ರೀಯರ ಒಂದು ಚಿತ್ರಮಾಲೆ ಮಾಡಿದರು. ಅದರಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ನಮ್ಮ ಅಜ್ಜಿಯರು ಕ್ಯಾಲೆಂಡರಿನಲ್ಲಿ ಕಂಡು ಕೈಮುಗಿದ ಅದೇ ಲಕ್ಷ್ಮಿ! ಇನ್ನೊಂದು ಚಿತ್ರದಲ್ಲಿ ಚೌಕುಳಿ ಪರದೆಯ ಮುಂದೆ ನಿಂತಿದ್ದಾರೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟು ಜನರನ್ನು ಹೀಗೆ ಚೌಕಗಳ ಮುಂದೆ ನಿಲ್ಲಿಸಿ, ಅಳೆದು, ಫೋಟೋ ತೆಗೆಯುತ್ತಿದ್ದರು. ಚೌಕದ ಅಳತೆ ಸರಿಯೇ. ಆದರೆ ಎದುರು ನಿಂತ ಹೆಣ್ಣುಮಗಳು ಯಾರು, ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದು ಆ ಚೌಕಗಳಿಗೆ ಸಿಗಲಿಲ್ಲ.

ಈ ಚಿತ್ರ ನೋಡಿದಾಗ ನನಗೆ ನನ್ನದೇ ಅಳತೆ ಪುಸ್ತಕ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು, ಮಾರ್ಚ್ ಕೊನೆ. ಒಂದು ಚರಂಡಿಯ ಉದ್ದ, ಅಗಲ, ಆಳ ಎಲ್ಲ ಬರೆದು ಮೇಜಿಗೆ ಬಂದಿತ್ತು. ಗುಣಾಕಾರ ತಾಳೆ ನೋಡಿದೆ, ಸರಿಯಿತ್ತು. ಸ್ಥಳಕ್ಕೆ ಹೋಗದೆ ಸಹಿ ಹಾಕಿದೆ. ಮಳೆಗಾಲದಲ್ಲಿ ನೀರು ಮನೆಗಳಿಗೆ ನುಗ್ಗಿತು. ಹೋಗಿ ಟೇಪು ಹಿಡಿದರೆ ಬರೆದಿದ್ದ ಆಳದ ಅರ್ಧವೂ ಇರಲಿಲ್ಲ. ಒಬ್ಬ ತಾಯಿ ನೆನೆದ ಅಕ್ಕಿಚೀಲ ತೋರಿಸಿದಳು, ಬೈಯಲಿಲ್ಲ. ಅಂದು ನನ್ನ ಎದೆಯ ಮೇಲೆ ಇಷ್ಟಲಿಂಗವಿತ್ತು.

ಕಲಾವಿದೆಯ ವೇಷ ತಾನು ವೇಷವೆಂದು ಒಪ್ಪಿಕೊಳ್ಳುತ್ತದೆ, ಅದರಿಂದ ಯಾರ ಮನೆಗೂ ನೀರು ನುಗ್ಗುವುದಿಲ್ಲ. ನನ್ನ ಸುಳ್ಳು ಸತ್ಯದ ಅಂಗಿ ತೊಟ್ಟಿತ್ತು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಇದನ್ನು ನಮಗೂ ಅನ್ವಯಿಸಿಕೊಳ್ಳೋಣ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಕಚೇರಿಗಳಲ್ಲಿ ಭಾವಚಿತ್ರ ಬಂತು. ಸಂತೋಷವೇ. ಆದರೆ 12ನೇ ಶತಮಾನದ ಆ ಮುಖವನ್ನು ನೋಡಿ ಬರೆದವರಿಲ್ಲ, ಅದು ಚಿತ್ರಕಾರರ ಕಲ್ಪನೆ. ನಮ್ಮ ಜಿಲ್ಲೆಯ ಉಡುತಡಿಯ ಅಕ್ಕನ ಚಿತ್ರವೂ ಹಾಗೆಯೇ. ಕಲ್ಪನೆ ಎಂದು ತಿಳಿದು ಗೌರವಿಸಿದರೆ ತಪ್ಪಿಲ್ಲ. ಕಿರೀಟ, ಒಡವೆ ಏರಿಸಿ ಇದೇ ನಿಜವೆಂದು ಕಾದಾಡಿದರೆ ಶರಣರು ಒಲ್ಲೆನೆಂದ ದಾರಿಯನ್ನೇ ಹಿಡಿದಂತೆ.

ಮೊಬೈಲಿನಲ್ಲಿ ಬರುವ ‘ವಚನ’ಗಳೂ ಅಷ್ಟೇ. ಕೊನೆಗೆ ಕೂಡಲಸಂಗಮದೇವ ಎಂದಿದ್ದ ಮಾತ್ರಕ್ಕೆ ಅದು ಬಸವಣ್ಣನವರದಾಗದು. 1993ರಲ್ಲಿ ಬಂದ ಸಮಗ್ರ ವಚನ ಸಂಪುಟಗಳು ಹದಿನೈದಿವೆ. ವೇದಿಕೆಯಲ್ಲಿ ಓದುವ ಮುನ್ನ ಒಮ್ಮೆ ತೆರೆದು ನೋಡಿ.

ನೋಡದೆ ಸಹಿ ಹಾಕಬೇಡಿ. ಕಾಯಕದಲ್ಲಿ ತಡವಾಗಿ ನಾನು ಕಲಿತದ್ದು ಇದೊಂದೇ.