ಆರ್ದ್ರೆಯ ಆಯುಸ್ಸು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಆರಿದ್ರಾ ಮಳೆಯ ಹೆಸರನ್ನು ನಮ್ಮ ಹಿರಿಯರೆಲ್ಲರೂ ಬಲ್ಲರು. ಜೂನ್ ತಿಂಗಳ ಕೊನೆಯಲ್ಲಿ ಸೂರ್ಯನು ಆ ನಕ್ಷತ್ರವನ್ನು ಪ್ರವೇಶಿಸಿದನೆಂದರೆ ರೈತನು ಮುಗಿಲು ನೋಡುತ್ತಾನೆ. ಆದರೆ ಆರ್ದ್ರೆಯನ್ನೇ ಕಣ್ಣಾರೆ ಕಂಡವರು ಎಷ್ಟು ಮಂದಿ? ಮಳೆಗಾಲದಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ರಾಜ್ಯೋತ್ಸವದ ಈ ದಿನಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಪೂರ್ವಕ್ಕೆ ನೋಡಿರಿ. ಒಂದೇ ಸಾಲಿನಲ್ಲಿ ನಿಂತ ಮೂರು ಚುಕ್ಕೆಗಳ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರ್ದ್ರೆ. ನಮ್ಮ ಮಕ್ಕಳು ಶಾಲೆಯಲ್ಲಿ ಅದನ್ನು ಬೀಟಲ್‌ಜೂಸ್ ಎಂದು ಕಲಿಯುತ್ತಾರೆ.

ಇದು ಸಾಮಾನ್ಯ ನಕ್ಷತ್ರವಲ್ಲ. ಸೂರ್ಯನಿದ್ದಲ್ಲಿ ಇದನ್ನು ತಂದಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಇದರ ಹೊಟ್ಟೆಯೊಳಗಾದಾವು. ತೂಕದಲ್ಲಿ ಸೂರ್ಯನ ಹದಿನೈದು, ಇಪ್ಪತ್ತು ಪಟ್ಟು. ಹಾಗಾದರೆ ಆಯುಸ್ಸೂ ಹೆಚ್ಚಿರಬೇಕಲ್ಲವೇ? ಇಲ್ಲ. ಬಂಡವಾಳ ಇಪ್ಪತ್ತು ಪಟ್ಟಾದರೆ ಖರ್ಚು ಲಕ್ಷ ಪಟ್ಟು! ಸೂರ್ಯನು 460 ಕೋಟಿ ವರ್ಷ ಬಾಳಿದ್ದಾನೆ, ಇನ್ನೂ ಅಷ್ಟೇ ಕಾಲ ಬಾಳುವನು. ಆರ್ದ್ರೆಗೆ ಸುಮಾರು 1 ಕೋಟಿ ವರ್ಷಕ್ಕೇ ಮುಪ್ಪು.

ಭಾರ ಹೆಚ್ಚಿದಷ್ಟೂ ತಿರುಳು ಹೆಚ್ಚು ಕಾಯುತ್ತದೆ, ಉರುವಲು ಬೇಗ ತೀರುತ್ತದೆ. ಸೂರ್ಯನ 25 ಪಟ್ಟು ತೂಕದ ನಕ್ಷತ್ರವೊಂದರ ಲೆಕ್ಕವನ್ನು ವಿಜ್ಞಾನಿಗಳು ಹಾಕಿದ್ದಾರೆ. ಜಲಜನಕ ಸುಮಾರು 70 ಲಕ್ಷ ವರ್ಷ ಬರುತ್ತದೆ. ಇಂಗಾಲ 600 ವರ್ಷ. ಆಮ್ಲಜನಕ ಆರು ತಿಂಗಳು. ಸಿಲಿಕಾನ್ ಒಂದೇ ದಿನ. ಕೊನೆಗೆ ಉಳಿಯುವುದು ಕಬ್ಬಿಣ. ಅದನ್ನು ಬೆಸೆದರೆ ಶಾಖ ಹುಟ್ಟದು. ಆಧಾರ ತಪ್ಪಿದ ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಹೊರಪದರಗಳು ಸಿಡಿದು ಆಕಾಶಕ್ಕೆ ಚೆಲ್ಲುತ್ತವೆ. 1987ರ ಫೆಬ್ರವರಿಯಲ್ಲಿ ನೆರೆಯ ನಕ್ಷತ್ರಮಂಡಲದಲ್ಲಿ ಇಂಥ ಒಂದು ಸಾವನ್ನು ದಕ್ಷಿಣ ದೇಶಗಳ ಜನ ಬರಿಗಣ್ಣಿನಿಂದಲೇ ಕಂಡರು.

2019ರ ಕೊನೆಯಲ್ಲಿ ಆರ್ದ್ರೆ ಮಂಕಾದಾಗ ಅದರ ಕಾಲವೂ ಬಂತೆಂದು ಹಲವರು ಹೆದರಿದರು. ಅದು ತಾನೇ ಉಗುಳಿದ ಧೂಳಿನ ಮರೆ ಎಂದು ಬಳಿಕ ತಿಳಿಯಿತು. ಇನ್ನೊಂದು ಲಕ್ಷ ವರ್ಷದೊಳಗೆ ಅದು ಸಿಡಿಯುವುದೇನೋ ನಿಜ. ಆದರೆ 500 ಜ್ಯೋತಿರ್ವರ್ಷಕ್ಕಿಂತ ದೂರದಲ್ಲಿರುವ ಅದರಿಂದ ನಮಗೆ ಅಪಾಯವಿಲ್ಲ.

ಅಪಾಯವಿಲ್ಲ, ಉಪಕಾರವುಂಟು. ನೀರಿನ ತೂಕದ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಆಮ್ಲಜನಕ. ಅದರ ಬಹುಭಾಗವು ಭೂಮಿ ಹುಟ್ಟುವ ಮೊದಲೇ ಸತ್ತ ಇಂಥ ಹಿರಿಯ ನಕ್ಷತ್ರಗಳ ಒಡಲಲ್ಲಿ ತಯಾರಾದದ್ದು. ನಮ್ಮ ನೆತ್ತರಿನ ಕಬ್ಬಿಣದಲ್ಲಿಯೂ ಅವುಗಳ ಪಾಲಿದೆ. ಅವು ಸಾಯದೆ ಇದ್ದಿದ್ದರೆ ಮಳೆಯೂ ಇಲ್ಲ, ಮಳೆಗೆ ಹೆಸರಿಡುವ ನಾವೂ ಇಲ್ಲ.

ಆರ್ದ್ರೆ ಎಂದರೆ ಒದ್ದೆಯಾದವಳು. ಅಜ್ಜನಿಗೆ ಅದು ಮಳೆ, ಮೊಮ್ಮಗನಿಗೆ ಬೀಟಲ್‌ಜೂಸ್. ಎರಡೂ ಒಂದೇ ಎಂದು ಹೇಳುವ ಕೆಲಸ ನಡುವೆ ನಿಂತ ನಮ್ಮದು. ಮಕ್ಕಳನ್ನು ಒಂದು ರಾತ್ರಿ ಮಾಳಿಗೆಗೆ ಕರೆದೊಯ್ದು ತೋರಿಸಿರಿ. ಹೆಸರನ್ನು ಕನ್ನಡದಲ್ಲಿ ಹೇಳಿರಿ.