‘ಕಿಸ್ಮತ್’ನಿಂದ ‘ಸಮಾಧಿ’ಯವರೆಗೆ: ಬೀಳಗಿಯ ಒಂದು ದನಿ



ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ನಾಟಕ ಕಂಪನಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ತೇರು ಎಳೆದು ದಿನಗಳು ಕಳೆದರೂ ಅಲ್ಲಿ ಹಾರ್ಮೋನಿಯಂ ಸದ್ದು ಅಡಗುವುದಿಲ್ಲ. ‘ರಕ್ತರಾತ್ರಿ’ ನಾಟಕದ ಕಂದಗಲ್ಲ ಹನುಮಂತರಾಯರು ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದ, ಇಳಕಲ್ ಸೀಮೆಯ ಕಂದಗಲ್ಲಿನವರು. ಇದೇ ರಂಗಭೂಮಿಯ ನೆಲದಿಂದ, ಬಾಗಲಕೋಟೆಗೆ ದೂರವಲ್ಲದ ಬೀಳಗಿಯಿಂದ, ಇಬ್ಬರು ಸೋದರಿಯರು ಹೊರಟರು. ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು. ಅಮೀರ್‌ಬಾಯಿ ಮುಂಬಯಿಯ ಸಿನಿಮಾ ಸೇರಿದರು. ಇಬ್ಬರೂ ಹೆಸರಿನ ಜೊತೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡರು.

ಅಮೀರ್‌ಬಾಯಿಗೆ ದೇಶವ್ಯಾಪಿ ಕೀರ್ತಿ ತಂದದ್ದು 1943ರಲ್ಲಿ ಬಾಂಬೆ ಟಾಕೀಸ್ ತೆರೆಗೆ ತಂದ ‘ಕಿಸ್ಮತ್’. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಮೋಡವನ್ನು ಮೆಲ್ಲಗೆ ಬಾರೆಂದು ಕರೆಯುವ ಜೋಗುಳದಂಥ ಹಾಡಿನಲ್ಲಿ ಕೇಳುವುದು ಅಮೀರ್‌ಬಾಯಿಯ ದನಿ. ಪರಕೀಯರನ್ನು ದೂರ ಸರಿಯಿರಿ ಎಂದು ಗದರುವ ಹಾಡಿನಲ್ಲಿ, ಖಾನ್ ಮಸ್ತಾನಾ ಜೊತೆಯಲ್ಲಿ, ಕೇಳುವುದೂ ಅದೇ ದನಿ. ಕವಿ ಪ್ರದೀಪ್ ಆ ಹಾಡಿನಲ್ಲಿ ಜರ್ಮನಿ, ಜಪಾನ್‌ಗಳ ಹೆಸರು ಹಾಕಿದ್ದರಿಂದ ಬ್ರಿಟಿಷ್ ಸೆನ್ಸಾರ್ ಸುಮ್ಮನಾಯಿತು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದ ಪ್ರೇಕ್ಷಕರಿಗೆ ಮಾತ್ರ ಒಳಗುಟ್ಟು ತಿಳಿಯಿತು.

ಮರುವರ್ಷ ನೌಷಾದ್‌ರ ‘ರತನ್’, 1947ರಲ್ಲಿ ಸಿ. ರಾಮಚಂದ್ರರ ‘ಶೆಹನಾಯಿ’. 1950ರ ‘ಸಮಾಧಿ’ಯಲ್ಲಿ ಲತಾ ಮಂಗೇಶ್ಕರ್ ಜೊತೆ ಹಾಡಿದ ‘ಗೋರೆ ಗೋರೆ’ ಇಂದಿಗೂ ಕಾಲು ಕುಣಿಸುತ್ತದೆ. ಅದರ ಧಾಟಿ 1945ರ ‘ಡಾಲ್ ಫೇಸ್’ ಎಂಬ ಹಾಲಿವುಡ್ ಚಿತ್ರದಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ ಹಾಡಿನಿಂದ ಬಂದದ್ದು. ಪಾಪ್ ಎಂಬ ಪದ ನಮ್ಮಲ್ಲಿ ರೂಢಿಗೆ ಬರುವ ಮೊದಲೇ ಬೀಳಗಿಯ ಹೆಣ್ಣುಮಗಳು ಅದನ್ನು ಹಾಡಿಬಿಟ್ಟಿದ್ದರು.

ಆದರೆ ಆ ಸುಗ್ಗಿ ಏಳೆಂಟು ವರ್ಷದ್ದಷ್ಟೇ. ರಂಗಭೂಮಿಯ ಕಂಠ ಕೊನೆಯ ಸಾಲಿನವರಿಗೂ ಕೇಳುವಂತೆ ತೆರೆದು ಹಾಡುವಂಥದ್ದು. ಮೈಕು ಸುಧಾರಿಸಿದಂತೆ ಪಿಸುಮಾತನ್ನೂ ಹಿಡಿಯುವ ತೆಳುವಾದ, ನಯವಾದ ದನಿಗೆ ಬೇಡಿಕೆ ಬಂತು. 1949ರಲ್ಲಿ ‘ಮಹಲ್’, ‘ಬರಸಾತ್’ ಬಂದ ಮೇಲೆ ಲತಾ ಯುಗ ಆರಂಭವಾಯಿತು. ಹಿಂದಿನ ಗಾಯಕಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಮೀರ್‌ಬಾಯಿಗೆ ಚಿಕ್ಕಪುಟ್ಟ ಪಾತ್ರಗಳು, ಅಪರೂಪಕ್ಕೊಂದು ಹಾಡು ಉಳಿದವು.

ಆ ಕಾಲದಲ್ಲಿ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಬದಲು ಪಾತ್ರದ ಹೆಸರು ಅಚ್ಚಾಗುವುದೂ ಇತ್ತು. ‘ಮಹಲ್’ ತಟ್ಟೆಯ ಮೇಲೆ ಮೊದಲು ಇದ್ದದ್ದು ಲತಾ ಹೆಸರಲ್ಲ, ಪಾತ್ರವಾದ ‘ಕಾಮಿನಿ’ಯ ಹೆಸರು. ಹಾಡುವ ಹೆಣ್ಣಿಗೆ ಹೆಸರೇ ಸುಲಭವಾಗಿ ದಕ್ಕದ ದಿನಗಳಲ್ಲಿ ಅಮೀರ್‌ಬಾಯಿ ತನ್ನ ಹೆಸರಿನ ಜೊತೆ ನಾಡಿನ ಹೆಸರನ್ನೂ ಹೊತ್ತು ನಡೆದರು. ಆಗ ಬೀಳಗಿ ಇದ್ದದ್ದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ. ಏಕೀಕರಣವಾದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಮೀರ್‌ಬಾಯಿ ತೀರಿಕೊಂಡದ್ದು 1965ರಲ್ಲಿ.

ಅಂದರೆ ಸರ್ಕಾರ ಆ ಹೆಸರನ್ನು ಇಡುವುದಕ್ಕೆ ಎಷ್ಟೋ ವರ್ಷ ಮೊದಲು ಬೀಳಗಿಯ ಹಾಡುಗಾರ್ತಿಯೊಬ್ಬರು ಅದನ್ನು ಊರೂರಿಗೆ ಮುಟ್ಟಿಸಿದ್ದರು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದು ಕನ್ನಡಿಗರಿಗೆ ಮತ್ತೆ ನೆನಪಿಸಿದ್ದಾರೆ. ಓದುವುದರ ಜೊತೆಗೆ ಕೇಳುವುದೂ ಉಳಿದಿದೆ. ರೇಡಿಯೋದಲ್ಲಿ ‘ಕಿಸ್ಮತ್’ ಹಾಡು ಬಂದಾಗ ಮನೆಯ ಮಕ್ಕಳಿಗೆ ಒಂದು ಮಾತು ಹೇಳಿದರೆ ಸಾಕು: ಈ ದನಿ ನಮ್ಮ ಬೀಳಗಿಯದು.