ಕಡಲ ನಡುವೆ ಹನಿ ಕೂಡಿಸುವ ವಿದ್ಯೆ



ಮಂಗಳೂರಿಗೆ ಕಚ್ಚಾ ತೈಲ ಹೊಸದಲ್ಲ. ಇಲ್ಲಿಯ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ವರ್ಷಕ್ಕೆ 1.5 ಕೋಟಿ ಟನ್ ತೈಲವನ್ನು ಸಂಸ್ಕರಿಸುವ ಸಾಮರ್ಥ್ಯವಿದೆ. ದೇಶದ ಆಪತ್ಕಾಲಕ್ಕೆಂದು ಇದೇ ಊರಿನ ಬಂಡೆಯೊಳಗೆ ಕೊರೆದ ಗುಹೆಗಳು 15 ಲಕ್ಷ ಟನ್ ಹಿಡಿಯುತ್ತವೆ. ಉಡುಪಿ ಜಿಲ್ಲೆಯ ಪಾದೂರಿನ ಗುಹೆಗಳು ಇನ್ನೂ 25 ಲಕ್ಷ ಟನ್. ಆದರೆ ಇಲ್ಲಿಗೆ ಬಂದು ತಲಪುವ ತೈಲ, ಅದಕ್ಕೂ ಮೊದಲೇ ತನ್ನೊಡನೆ ಬಂದ ನೀರಿನ ಬಹುಪಾಲನ್ನು ಕಳಚಿಟ್ಟು ಬಂದಿರುತ್ತದೆ. ಆ ಕೆಲಸ ನಡೆಯುವುದು ಬಾವಿಯ ಹತ್ತಿರ, ಎಷ್ಟೋ ಸಲ ದಡ ಕಾಣದಷ್ಟು ದೂರದ ಕಡಲಿನಲ್ಲಿ, ಉಕ್ಕಿನ ಕಂಬಗಳ ಮೇಲೆ ನಿಂತ ಪ್ಲಾಟ್‌ಫಾರ್ಮ್‌ಗಳಲ್ಲಿ. ವಿದ್ಯುತ್ ಕ್ಷೇತ್ರವನ್ನು ಬಳಸಿ ತೈಲದಿಂದ ನೀರನ್ನು ಬೇರ್ಪಡಿಸುವ ಈ ಕೆಲಸ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನೇ ಆರಿಸಿಕೊಂಡು ವಿದ್ಯಾರ್ಥಿಗಳು ಈ ಇಡೀ ಪ್ರದರ್ಶನ ಮಾಡಿದ್ದಾರೆ ಎಂಬುದೇ ಮೊದಲ ಸಂತೋಷ.

ಭೂಮಿಯೊಳಗೆ ತೈಲ ಕೊಳದ ಹಾಗೆ ನಿಂತಿರುವುದಿಲ್ಲ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ಉಪ್ಪುನೀರಿನ ನೆರೆಯಲ್ಲೇ ಅದು ಸೇರಿಕೊಂಡಿರುತ್ತದೆ. ಬಾವಿ ಹೊಸದಾಗಿರುವಾಗ ತೈಲ ಹೆಚ್ಚು, ನೀರು ಕಡಿಮೆ. ವರ್ಷಗಳು ಕಳೆದಂತೆ ಕೆಳಗಿನ ನೀರು ಮೇಲೇರುತ್ತದೆ. ಒತ್ತಡ ಕುಸಿಯದಿರಲೆಂದು ಮೇಲಿನಿಂದ ತುಂಬಿದ ನೀರೂ ಬಾವಿಗೆ ಬಂದು ಸೇರುತ್ತದೆ. ಜಗತ್ತಿನ ತೈಲಬಾವಿಗಳೆಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ಬ್ಯಾರೆಲ್ ತೈಲದ ಜೊತೆಗೆ ಸುಮಾರು 3 ಬ್ಯಾರೆಲ್ ನೀರು ಬರುತ್ತದೆ ಎಂಬುದು ಸಾಮಾನ್ಯ ಅಂದಾಜು. ವಯಸ್ಸಾದ ಬಾವಿಗಳಲ್ಲಿ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನೀರೇ ಇರುವುದೂ ಉಂಟು.

ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗಿಳಿಯುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾವಾಗಿಯೇ ಬೇರಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಅಷ್ಟು ಸುಲಭವಾಗಿದ್ದರೆ ಈ ಪ್ರದರ್ಶನವೇ ಬೇಕಿರಲಿಲ್ಲ. ಬಾವಿಯ ಬಾಯಲ್ಲಿ ಒತ್ತಡ ತಗ್ಗಿಸಲು ಚೋಕ್ ವಾಲ್ವ್ ಇರುತ್ತದೆ. ಆ ಕಿರಿದಾದ ಸಂದಿಯಲ್ಲಿ ತೈಲವೂ ನೀರೂ ಒಟ್ಟಿಗೆ ನುಗ್ಗುವ ರಭಸಕ್ಕೆ ನೀರು ಚೂರುಚೂರಾಗಿ, ಕೂದಲೆಳೆಗಿಂತ ಎಷ್ಟೋ ಸಣ್ಣ ಹನಿಗಳಾಗಿ ತೈಲದೊಳಗೆ ಹರಡಿಕೊಳ್ಳುತ್ತದೆ. ತೈಲದಲ್ಲಿರುವ ಆಸ್ಫಾಲ್ಟೀನ್, ರೆಸಿನ್ ಮುಂತಾದ ಪದಾರ್ಥಗಳು ಪ್ರತಿ ಹನಿಯ ಸುತ್ತ ಅಂಟಿಕೊಂಡು ಗಟ್ಟಿ ಪೊರೆ ಕಟ್ಟುತ್ತವೆ. ಎರಡು ಹನಿಗಳು ಡಿಕ್ಕಿ ಹೊಡೆದರೂ ಆ ಪೊರೆಯಿಂದಾಗಿ ಕೂಡಿಕೊಳ್ಳುವುದಿಲ್ಲ. ಈ ಮಿಶ್ರಣಕ್ಕೆ ಎಮಲ್ಷನ್ ಎಂದು ಹೆಸರು.

ಹನಿ ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದರ ಸೂತ್ರವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಷ್ಟು ಹಿಂದೆಯೇ ಕೊಟ್ಟಿದ್ದಾರೆ. ಹನಿಯ ಅಡ್ಡಳತೆ ಎರಡರಷ್ಟಾದರೆ ವೇಗ ನಾಲ್ಕರಷ್ಟಾಗುತ್ತದೆ. ಹತ್ತರಷ್ಟಾದರೆ ವೇಗ ನೂರರಷ್ಟು. ನೀರಿಗಿಂತ ಹತ್ತು ಪಟ್ಟು ಮಂದವಾದ ಒಂದು ತೈಲಕ್ಕೆ ಈ ಲೆಕ್ಕ ಹಾಕಿ ನೋಡಿ. 10 ಮೈಕ್ರಾನ್ ಹನಿಯೊಂದು ಆ ತೈಲದಲ್ಲಿ ಒಂದು ಮೀಟರ್ ಕೆಳಗಿಳಿಯಲು ಸುಮಾರು ಎರಡು ವಾರ ಬೇಕು. 100 ಮೈಕ್ರಾನ್ ಹನಿಗೆ ಮೂರೂವರೆ ಗಂಟೆಯೊಳಗೆ ಮುಗಿಯುತ್ತದೆ. 500 ಮೈಕ್ರಾನ್ ಆದರೆ ಎಂಟೇ ನಿಮಿಷ. ನೀರೂ ಅದೇ, ತೈಲವೂ ಅದೇ. ಬದಲಾದದ್ದು ಹನಿಯ ಗಾತ್ರ ಮಾತ್ರ. ಸಾವಿರ ಪುಟ್ಟ ಹನಿಗಳನ್ನು ಒಂದುಗೂಡಿಸಿದರೆ ಎರಡು ವಾರದ ದಾರಿ ಮೂರೂವರೆ ಗಂಟೆಗೆ ಇಳಿಯುತ್ತದೆ.

ದಡದ ಮೇಲೆ ಜಾಗವಿದೆ. ದೊಡ್ಡ ಟ್ಯಾಂಕು ಕಟ್ಟಿ ದಿನಗಟ್ಟಲೆ ಕಾಯಬಹುದು. ಕಡಲಿನಲ್ಲಿ ಅದು ಆಗದ ಮಾತು. ಪ್ಲಾಟ್‌ಫಾರ್ಮ್‌ನ ಮೇಲೆ ಇಡುವ ಪ್ರತಿಯೊಂದು ಟನ್ನಿಗೂ ಕೆಳಗಿನ ಕಂಬಗಳು ಹೆಗಲು ಕೊಡಬೇಕು. ಒಂದೊಂದು ಚದರ ಮೀಟರಿಗೂ ಬೆಲೆಯಿದೆ. ಅಲ್ಲಿಯ ಸೆಪರೇಟರ್‌ಗಳಲ್ಲಿ ದ್ರವ ನಿಲ್ಲುವುದು ಸಾಮಾನ್ಯವಾಗಿ ಕೆಲವೇ ನಿಮಿಷ. ತೈಲವನ್ನು ಬಿಸಿ ಮಾಡಿ ತೆಳುವಾಗಿಸಬಹುದು, ಅದಕ್ಕೆ ಇಂಧನ ಸುಡಬೇಕು. ಪೊರೆ ಒಡೆಯುವ ರಾಸಾಯನಿಕ ಸುರಿಯಬಹುದು, ಅದನ್ನು ಹಡಗಿನಲ್ಲಿ ತರಬೇಕು, ಒಂದಷ್ಟು ಪಾಲು ನೀರಿನೊಡನೆ ಹೊರಗೂ ಹೋಗುತ್ತದೆ. ಹಾಗೆಂದು ನೀರನ್ನು ಬೇರ್ಪಡಿಸದೆ ಬಿಟ್ಟರೆ ಕಡಲತಳದ ಪೈಪ್‌ಲೈನ್ ತುಕ್ಕು ಹಿಡಿಯುತ್ತದೆ, ತೈಲ ಹೋಗಬೇಕಾದ ಜಾಗವನ್ನು ನೀರು ಆಕ್ರಮಿಸುತ್ತದೆ, ಬೇಡದ ನೀರನ್ನು ನೂರಾರು ಕಿಲೋಮೀಟರ್ ತಳ್ಳಲು ಪಂಪುಗಳು ದುಡಿಯುತ್ತವೆ. ಹನಿಗಳನ್ನು ಬೇಗ ಕೂಡಿಸುವ ಉಪಾಯಕ್ಕೆ ಕಡಲಿನಲ್ಲಿ ಇಷ್ಟು ಬೆಲೆ ಬಂದದ್ದು ಇದಕ್ಕೇ.

ಉಪಾಯದ ಬೇರು ಹಳೆಯದು. 1879ರಲ್ಲಿ ಲಾರ್ಡ್ ರ‍್ಯಾಲಿ ಪುಟ್ಟ ಕಾರಂಜಿಯೊಂದರ ಬಳಿ ಉಜ್ಜಿದ ಅರಗಿನ ಕಡ್ಡಿಯನ್ನು ಹಿಡಿದು ನೋಡಿದರು. ಅದುವರೆಗೆ ಪರಸ್ಪರ ತಾಗಿ ಚಿಮ್ಮುತ್ತಿದ್ದ ಹನಿಗಳು ಚದುರುವುದನ್ನು ಬಿಟ್ಟು ಕೂಡಿಕೊಳ್ಳತೊಡಗಿದವು. ಅದನ್ನು ತೈಲಕ್ಕೆ ತಂದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತರಸಾಯನ ಕಲಿಸುತ್ತಿದ್ದ ಫ್ರೆಡ್ರಿಕ್ ಕಾಟ್ರೆಲ್. ಕಾರ್ಖಾನೆಗಳ ಹೊಗೆಯಿಂದ ಧೂಳನ್ನೂ ಆಮ್ಲದ ಮಂಜನ್ನೂ ವಿದ್ಯುತ್ತಿನಿಂದ ಹಿಡಿಯುವ ಯಂತ್ರ ಕೊಟ್ಟವರೂ ಅವರೇ. ಕ್ಯಾಲಿಫೋರ್ನಿಯಾದ ಮಂದ ತೈಲ ನೀರನ್ನು ಬಿಟ್ಟುಕೊಡದೆ ಸತಾಯಿಸುತ್ತಿದ್ದಾಗ ಅವರು ಹೆಚ್ಚಿನ ವೋಲ್ಟೇಜನ್ನು ಅದರೊಳಗೇ ಹಾಯಿಸಿದರು. 1911ರಲ್ಲಿ ಪೇಟೆಂಟುಗಳು ಬಂದವು. ಮರುವರ್ಷ ಕಾಟ್ರೆಲ್ ತಮ್ಮ ಹೊಗೆಯಂತ್ರದ ಪೇಟೆಂಟುಗಳ ಆದಾಯವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ, ವಿಜ್ಞಾನ ಸಂಶೋಧನೆಗೆ ನೆರವಾಗಲೆಂದು ರಿಸರ್ಚ್ ಕಾರ್ಪೊರೇಷನ್ ಸ್ಥಾಪಿಸಿದರು. ಎಂಜಿನಿಯರಿಂಗ್ ಓದುವವರು ಅವರ ಯಂತ್ರದ ಜೊತೆಗೆ ಈ ನಡೆಯನ್ನೂ ನೆನಪಿಡಬೇಕು.

ವಿದ್ಯುತ್ ಕ್ಷೇತ್ರ ಮಾಡುವುದೇನು? ಎರಡನೇ ಮಳಿಗೆಯಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಕಚ್ಚಾ ತೈಲ ಕಪ್ಪು, ಒಳಗೇನೂ ಕಾಣುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಅಂಗೈಯಗಲದ ಗಾಜಿನ ಕೋಶದಲ್ಲಿ ತಿಳಿಯಾದ ಖನಿಜ ಎಣ್ಣೆ ತುಂಬಿ, ಅದಕ್ಕೆ ಉಪ್ಪುನೀರನ್ನು ಕಲಕಿ, ಎರಡು ಬದಿಗೂ ಲೋಹದ ತಗಡು ಇಟ್ಟು, ಮೇಲೊಂದು ಸೂಕ್ಷ್ಮದರ್ಶಕ ಕ್ಯಾಮೆರಾ ಜೋಡಿಸಿದ್ದಾರೆ. ಸ್ವಿಚ್ ಹಾಕುವ ಮುಂಚೆ ಪರದೆಯ ಮೇಲೆ ಕಾಣುವುದು ಬಿಳಿ ಮಂಜು, ಅದರಲ್ಲಿ ಅಲುಗಾಡದ ಲೆಕ್ಕವಿಲ್ಲದಷ್ಟು ಚುಕ್ಕೆಗಳು. ಸ್ವಿಚ್ ಹಾಕಿದೊಡನೆ ಚುಕ್ಕೆಗಳು ಒಂದು ತಗಡಿನಿಂದ ಇನ್ನೊಂದರ ಕಡೆಗೆ ಸಾಲುಗಟ್ಟುತ್ತವೆ. ದುಂಡಗಿದ್ದ ಹನಿ ಅಕ್ಕಿಕಾಳಿನ ಹಾಗೆ ನೀಳವಾಗುತ್ತದೆ. ಪಕ್ಕದ ಹನಿಯ ತುದಿ ಇದರ ತುದಿಯನ್ನು ಸೋಕುತ್ತದೆ, ನಡುವಿನ ಪೊರೆ ಹರಿಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಎರಡಿದ್ದದ್ದು ಒಂದಾಗಿ, ಆ ಒಂದು ಹನಿ ಕ್ಷಣಕಾಲ ನಡುಗಿ, ಮತ್ತೊಂದರತ್ತ ಹೊರಡುತ್ತದೆ. ತುಸು ಹೊತ್ತಿನಲ್ಲಿ ದೊಡ್ಡ ಹನಿಗಳು ತಳಕ್ಕೆ ಜಾರತೊಡಗುತ್ತವೆ, ಮಂಜು ತಿಳಿಯಾಗುತ್ತದೆ.

ಇದರ ಹಿಂದಿನ ಕಾರಣ ಸರಳ. ಎಣ್ಣೆ ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡುವುದಿಲ್ಲ, ಉಪ್ಪುನೀರು ಧಾರಾಳವಾಗಿ ಹರಿಯಗೊಡುತ್ತದೆ. ಆದ್ದರಿಂದ ಕ್ಷೇತ್ರದೊಳಗೆ ಸಿಕ್ಕ ನೀರಹನಿಯ ಒಂದು ತುದಿಗೆ ಧನ, ಇನ್ನೊಂದು ತುದಿಗೆ ಋಣ ಆವೇಶ ಸೇರುತ್ತದೆ. ಒಂದರ ಧನ ತುದಿ ಮುಂದಿನದರ ಋಣ ತುದಿಯನ್ನು ಸೆಳೆಯುತ್ತದೆ. ಹನಿಗಳ ನಡುವಿನ ದೂರ ಅರ್ಧವಾದರೆ ಸೆಳೆತ ಹದಿನಾರರಷ್ಟು ಹೆಚ್ಚುತ್ತದೆ. ಕ್ಷೇತ್ರದ ದಿಕ್ಕು ತಿರುಗಿದರೆ ಎಲ್ಲ ಹನಿಗಳ ತುದಿಗಳೂ ಒಟ್ಟಿಗೆ ಬದಲಾಗುವುದರಿಂದ ಸೆಳೆತ ಹಾಗೇ ಉಳಿಯುತ್ತದೆ. ಮನೆಗೆ ಬರುವಂಥ 50 ಹರ್ಟ್ಜ್ ಎಸಿ ವಿದ್ಯುತ್ತೇ ಇದಕ್ಕೆ ಒಗ್ಗುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಅದನ್ನು ಹತ್ತಿಪ್ಪತ್ತು ಸಾವಿರ ವೋಲ್ಟ್‌ಗೆ ಏರಿಸಿದರಾಯಿತು. ಗಮನಿಸಬೇಕಾದದ್ದು ಒಂದಿದೆ: ವಿದ್ಯುತ್ತು ನೀರನ್ನು ಹೊರಗೆ ದೂಡುವುದಿಲ್ಲ. ಅದು ಹನಿಗಳನ್ನು ಪರಸ್ಪರ ಸೇರಿಸುತ್ತದೆ, ಅಷ್ಟೆ. ಉಳಿದದ್ದನ್ನು ಗುರುತ್ವಾಕರ್ಷಣೆಗೆ ಬಿಡುತ್ತದೆ.

ಅತಿಯಾದರೆ ಇಲ್ಲಿಯೂ ಕೇಡು. ಕ್ಷೇತ್ರ ಹೆಚ್ಚಿದಂತೆಲ್ಲ ಹನಿ ಇನ್ನಷ್ಟು ನೀಳವಾಗುತ್ತ ಹೋಗಿ, ಒಂದು ಮಿತಿ ದಾಟಿದೊಡನೆ ತುದಿ ಚೂಪಾಗಿ, ಅಲ್ಲಿಂದ ಸೂಕ್ಷ್ಮ ಹನಿಗಳು ಸಿಡಿಯುತ್ತವೆ. ಮಾಡಿದ ಕೆಲಸವೆಲ್ಲ ಹಿಂದಕ್ಕೆ ಹೋಗುತ್ತದೆ. ಆ ಚೂಪು ತುದಿಯ ಗಣಿತವನ್ನು ಜೆಫ್ರಿ ಇಂಗ್ರಾಂ ಟೇಲರ್ 1964ರಲ್ಲಿ ಬಿಡಿಸಿದರು. ಇಂದಿಗೂ ಅದನ್ನು ಟೇಲರ್ ಶಂಕು ಎನ್ನುತ್ತಾರೆ. ಹನಿ ದೊಡ್ಡದಾದಷ್ಟೂ ಅದು ಒಡೆಯುವ ಮಿತಿ ಕೆಳಗಿಳಿಯುತ್ತದೆ. ಅಂದರೆ ಆರಂಭಕ್ಕೆ ಬೇಕಾದ ಬಲ ಮುಗಿವಿನ ಹೊತ್ತಿಗೆ ಹೆಚ್ಚಾಗಿಬಿಡುತ್ತದೆ. ಈ ಹದವನ್ನು ಕಂಡುಕೊಳ್ಳುವುದೇ ಇಡೀ ತಂತ್ರಜ್ಞಾನದ ಜಾಣ್ಮೆ. ಗಾಜಿನ ಕೋಶದ ಪಕ್ಕದಲ್ಲಿರುವ ಗುಂಡಿಯನ್ನು ವಿದ್ಯಾರ್ಥಿಗಳು ನಿಮ್ಮೆದುರಿಗೇ ತಿರುಗಿಸಿ, ಕೂಡುವ ಹನಿಗಳು ಒಡೆಯತೊಡಗುವ ಗಳಿಗೆಯನ್ನು ತೋರಿಸುತ್ತಾರೆ.

ಕಡಲಿನಲ್ಲಿ ಇನ್ನೊಂದು ತೊಡಕಿತ್ತು. ನೀರು ಬಹಳ ಇದ್ದರೆ ಸಾಲುಗಟ್ಟಿದ ಹನಿಗಳು ಒಂದು ಎಲೆಕ್ಟ್ರೋಡ್‌ನಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತವೆ. ಶಾರ್ಟ್ ಸರ್ಕ್ಯೂಟ್ ಆಗಿ ವೋಲ್ಟೇಜ್ ಕುಸಿಯುತ್ತದೆ. ಅನಿಲ ಸೇರಿದರೆ ಕಿಡಿಯ ಭಯ. ಹೀಗಾಗಿ ಹಳೆಯ ವಿದ್ಯುತ್ ಡೀಹೈಡ್ರೇಟರ್‌ಗಳನ್ನು, ಅನಿಲ ಹೋಗಿ ನೀರು ಬಹುಪಾಲು ಇಳಿದ ಮೇಲೆ, ಕೊನೆಯ ಹಂತದಲ್ಲಷ್ಟೇ ಇಡುತ್ತಿದ್ದರು. ಅಷ್ಟರಲ್ಲಿ ಎಮಲ್ಷನ್ ಅರ್ಧ ಪ್ಲಾಟ್‌ಫಾರ್ಮನ್ನು ಸುತ್ತಿ ಬಂದಿರುತ್ತಿತ್ತು.

ಈ ಗಂಟನ್ನು ಬಿಡಿಸಿದ್ದು ನಾರ್ವೆ. ಬೆರ್ಗೆನ್ ನಗರದ ಪಡುವಣಕ್ಕೆ, 300 ಮೀಟರಿಗೂ ಆಳದ ನೀರಿನಡಿ ಟ್ರೋಲ್ ಎಂಬ ಕ್ಷೇತ್ರವಿದೆ. ಅನಿಲದ ದೊಡ್ಡ ಭಂಡಾರದ ಕೆಳಗೆ, ನೀರಿನ ಮೇಲೆ, ತೈಲ ಬರೀ ತೆಳು ಪದರವಾಗಿ ಹಬ್ಬಿದೆ. ಅಡ್ಡಡ್ಡ ಕೊರೆದ ಬಾವಿಗಳಿಂದ ಆ ಪದರವನ್ನು ಎತ್ತಿದರೆ ನೀರೂ ಬೆನ್ನಿಗೇ ಬರುತ್ತದೆ. ಅಲ್ಲಿಯ ಟ್ರೋಲ್ ಸಿ ಪ್ಲಾಟ್‌ಫಾರ್ಮ್‌ನಲ್ಲಿ 2003ರಲ್ಲಿ, ಬಾವಿಯ ದ್ರವ ಮೊದಲು ಬಂದು ಬೀಳುವ ಸೆಪರೇಟರ್‌ನೊಳಗೇ ವಿದ್ಯುತ್ ಗೋಡೆಯೊಂದನ್ನು ನಿಲ್ಲಿಸಿದರು. ಅದರ ಎಲೆಕ್ಟ್ರೋಡ್‌ಗಳೆಲ್ಲ ಎಪಾಕ್ಸಿ ಕವಚದೊಳಗೆ ಮುಚ್ಚಿಕೊಂಡಿದ್ದವು. ಒಂದೊಂದು ತುಂಡಿಗೂ ಅದರದೇ ಪುಟ್ಟ ಟ್ರಾನ್ಸ್‌ಫಾರ್ಮರ್. ಹೊರಗಿನಿಂದ ಹೋಗುವುದು ಕಡಿಮೆ ವೋಲ್ಟೇಜ್, ಅದು ಏರುವುದು ಕವಚದ ಒಳಗೆ. ಸುತ್ತ ಬರಿ ನೀರಿದ್ದರೂ ಅನಿಲವಿದ್ದರೂ ಶಾರ್ಟ್ ಆಗುವಂತಿಲ್ಲ. ಕೊನೆಯ ಹಂತದ ಕೆಲಸ ಮೊದಲ ಹಂತಕ್ಕೇ ಬಂತು. ಇದರ ಮಾದರಿಯನ್ನು ವಿದ್ಯಾರ್ಥಿಗಳು ನಾಲ್ಕನೇ ಮಳಿಗೆಯಲ್ಲಿ ಕತ್ತರಿಸಿ ತೋರಿಸಿದ್ದಾರೆ.

ನಮ್ಮದೇ ಪಶ್ಚಿಮ ಕಡಲಿನಲ್ಲಿ ಮುಂಬೈ ಹೈ ಇದೆ. ಸಾಗರ್ ಸಮ್ರಾಟ್ ಎಂಬ ಕೊರೆಯುವ ರಿಗ್ 1974ರಲ್ಲಿ ಅಲ್ಲಿ ತೈಲ ಕಂಡಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ದಡದಿಂದ ಸುಮಾರು 160 ಕಿಲೋಮೀಟರ್ ದೂರದ ಆ ಪ್ಲಾಟ್‌ಫಾರ್ಮ್‌ಗಳಲ್ಲಿ ಅನಿಲವನ್ನೂ ನೀರನ್ನೂ ಬೇರ್ಪಡಿಸಿದ ತೈಲ ಕಡಲತಳದ ಪೈಪ್‌ಲೈನ್ ಹಿಡಿದು ಉರಣ್ ಸೇರುತ್ತದೆ. ದಶಕಗಳಿಂದ ತೈಲ ಕೊಡುತ್ತಿರುವ ಕ್ಷೇತ್ರ. ನೀರಿನ ಪಾಲು ಏರುವುದು ಅದರ ವಯಸ್ಸಿನ ಧರ್ಮ. ಪೂರ್ವದಲ್ಲಿ ಕೃಷ್ಣಾ–ಗೋದಾವರಿ ಕಣಿವೆಯ ಆಳ ನೀರಿನ ಕ್ಷೇತ್ರದಿಂದ 2024ರ ಜನವರಿಯಲ್ಲಿ ತೈಲ ಬರತೊಡಗಿತು. ಅಲ್ಲಿ ಪ್ಲಾಟ್‌ಫಾರ್ಮ್‌ನ ಬದಲು ತೇಲುವ ಹಡಗೇ ಕಾರ್ಖಾನೆ. ಹಡಗು ಅಲೆಗೆ ಹೊಯ್ದಾಡುವಾಗ ಒಳಗಿನ ದ್ರವವೂ ಹೊಯ್ದಾಡುತ್ತದೆ, ಹನಿ ತೆಪ್ಪಗೆ ಇಳಿಯುವ ಅವಕಾಶ ಇನ್ನೂ ಕಡಿಮೆ. ಇಂಥ ಕಡೆಗಳಿಗೆ ಬೇಕಾದ ಚಿಕ್ಕ, ಹಗುರ, ಗಟ್ಟಿಮುಟ್ಟಾದ ಯಂತ್ರಗಳನ್ನು ಇಲ್ಲಿಯ ಹುಡುಗ ಹುಡುಗಿಯರು ರೂಪಿಸಬೇಕು ಎಂಬುದು ಈ ಉದ್ಘಾಟನೆಯ ನಿಜವಾದ ಆಸೆ.

ದಡಕ್ಕೆ ಬಂದ ಮೇಲೂ ವಿದ್ಯುತ್ತಿನ ಕೆಲಸ ಮುಗಿಯುವುದಿಲ್ಲ. ತೈಲದಲ್ಲಿ ಉಳಿದ ಅಷ್ಟಿಷ್ಟು ನೀರಿನಲ್ಲಿ ಉಪ್ಪಿರುತ್ತದೆ. ಮೆಗ್ನೀಷಿಯಂ, ಕ್ಯಾಲ್ಸಿಯಂ ಕ್ಲೋರೈಡುಗಳು ಬಟ್ಟಿ ಇಳಿಸುವ ಕಾವಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟು ಗೋಪುರದ ಲೋಹವನ್ನು ತಿನ್ನುತ್ತವೆ. ಆದ್ದರಿಂದ ಸಂಸ್ಕರಣಾಗಾರದ ಡೀಸಾಲ್ಟರ್‌ನಲ್ಲಿ ತೈಲಕ್ಕೆ ಬೇಕೆಂದೇ ಸಿಹಿನೀರು ಬೆರೆಸಿ, ಉಪ್ಪನ್ನು ಅದಕ್ಕೆ ಇಳಿಸಿ, ವಿದ್ಯುತ್ ಕ್ಷೇತ್ರದಿಂದ ಆ ನೀರನ್ನು ಮತ್ತೆ ತೆಗೆಯುತ್ತಾರೆ. ಕಾಟ್ರೆಲ್ ಹಾಕಿಕೊಟ್ಟ ದಾರಿ ಇಂದಿಗೂ ಸಂಸ್ಕರಣಾಗಾರಗಳ ಹೆಬ್ಬಾಗಿಲಲ್ಲಿ ದುಡಿಯುತ್ತಿದೆ.

ಮೀನುಗಾರರ ಮನೆಗಳಿಂದ ಬಂದವರು ಈ ಸಭೆಯಲ್ಲಿ ಹಲವರಿದ್ದಾರೆ. ತೈಲದಿಂದ ಬೇರೆಯಾದ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಲೇಬೇಕು. ಒಂದು ಪಾಲನ್ನು ಮತ್ತೆ ಭೂಮಿಯೊಳಕ್ಕೆ ತುಂಬುತ್ತಾರೆ, ಉಳಿದದ್ದು ಶುದ್ಧಗೊಂಡು ಕಡಲು ಸೇರುತ್ತದೆ. ಈಶಾನ್ಯ ಅಟ್ಲಾಂಟಿಕ್ ದೇಶಗಳ ಓಸ್ಪಾರ್ ಒಪ್ಪಂದದಲ್ಲಿ ಅಂಥ ನೀರಿನ ಒಂದು ಲೀಟರಿನಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಎಣ್ಣೆ ಇರಬಾರದೆಂಬ ಮಿತಿಯಿದೆ. ವಿದ್ಯುತ್ ಕ್ಷೇತ್ರ ಎಣ್ಣೆಯನ್ನು ಒಣಗಿಸುತ್ತದೆಯೇ ಹೊರತು ನೀರನ್ನು ತೊಳೆಯುವುದಿಲ್ಲ; ಅದಕ್ಕೆ ಹೈಡ್ರೋಸೈಕ್ಲೋನ್ ಮೊದಲಾದ ಬೇರೆ ಸಾಧನಗಳಿವೆ. ಆದರೂ ಮೊದಲ ಹಂತದಲ್ಲೇ ಎಮಲ್ಷನ್ ಒಡೆದರೆ ರಾಸಾಯನಿಕದ ಬಳಕೆ ತಗ್ಗುತ್ತದೆ, ನೀರು ಶುದ್ಧಿಗೆ ಹೋಗುವ ಮುಂಚೆಯೇ ಅದರ ಹೊರೆ ಇಳಿಯುತ್ತದೆ. ಆರನೇ ಮಳಿಗೆ ಪೂರ್ತಿ ಈ ನೀರಿನದೇ. ಅಲ್ಲಿ ನಿಂತಿರುವ ವಿದ್ಯಾರ್ಥಿನಿಯರನ್ನು ಬಿಡದೆ ಪ್ರಶ್ನಿಸಿ. ಅವರು ತಯಾರಾಗಿಯೇ ನಿಂತಿದ್ದಾರೆ.

ಶಾಲಾ ಮಕ್ಕಳು ಗಾಜಿನ ಕೋಶದ ಮಳಿಗೆಯಿಂದ ಶುರು ಮಾಡಲಿ. ಹೆಚ್ಚು ವೋಲ್ಟೇಜಿನ ತಂತಿಗಳಿಗೆ ಅಡ್ಡಲಾಗಿ ಇಟ್ಟಿರುವ ಪಾರದರ್ಶಕ ಮುಚ್ಚಳವನ್ನು ಯಾರೂ ಸರಿಸಬಾರದು. ಕಾಲೇಜಿನವರು ಸ್ಟೋಕ್ಸ್ ಸೂತ್ರದ ಫಲಕದೆದುರು ಕಾಗದ ಹಿಡಿದು, ತಮಗೆ ಬೇಕಾದ ಹನಿಯ ಗಾತ್ರಕ್ಕೆ ಲೆಕ್ಕ ಹಾಕಿ, ಉತ್ತರವನ್ನು ಪಕ್ಕದ ಗಾಜಿನ ಕೊಳವೆಯಲ್ಲಿ ಪರೀಕ್ಷಿಸಿ ನೋಡಲಿ.  ಪ್ರದರ್ಶನ ಉದ್ಘಾಟನೆಯಾಗಿದೆ. ಮಳಿಗೆಗಳು ತೆರೆದಿವೆ, ಎಲ್ಲರೂ ಒಳಗೆ ಬನ್ನಿ.